ಐದು ಲೀಟರ್ ಸ್ಯಾನಿಟೈಸರ್ ಕ್ಯಾನ್ ಮೇಲೆ ಆಲ್ಕೋಹಾಲ್ ಎಷ್ಟಿದೆ ಅಂತಲೇ ಬರೆದಿಲ್ಲ, ಮಗುವಿಗೆ ಬಳಸಬಹುದಾ?

ದಾವಣಗೆರೆ ಅಮ್ಮ

ನಮಸ್ಕಾರ ಎಲ್ಲರಿಗೂ. ನನ್ನ ಮಗಳು ಎಲ್‌ಕೆಜಿ. ಮಕ್ಕಳ ಬ್ಯಾಗಿನಲ್ಲಿ ಒಂದು ಸಣ್ಣ ಸ್ಯಾನಿಟೈಸರ್ ಬಾಟಲಿ ಇರಲಿ ಅಂತ ಶಾಲೆಯಲ್ಲಿ ಹೇಳಿದ್ದಾರೆ. ಪ್ರತಿ ಸಲ ಸಣ್ಣ ಬಾಟಲಿ ಕೊಳ್ಳುವುದು ದುಬಾರಿ ಅಂತ ನಮ್ಮ ಯಜಮಾನರು ಐದು ಲೀಟರ್ ಕ್ಯಾನ್ ತಂದರು, ನಾನು ಅದನ್ನೇ ಅವಳ ಹಳೇ ನೀರಿನ ಬಾಟಲಿಗೆ ಸ್ವಲ್ಪ ಸ್ವಲ್ಪ ಹಾಕಿ ಕಳಿಸುತ್ತಿದ್ದೆ. ಕ್ಯಾನ್ ಮೇಲೆ 99.9% ಕೀಟಾಣು ನಾಶ ಅಂತ ದೊಡ್ಡ ಅಕ್ಷರದಲ್ಲಿ ಇದೆ, ನಿಂಬೆಹಣ್ಣಿನ ಚಿತ್ರ ಇದೆ. ಆದರೆ ಒಳಗೆ ಏನಿದೆ, ಎಷ್ಟಿದೆ ಅಂತ ಎಲ್ಲೂ ಇಲ್ಲ. ವಾಸನೆ ಮೂಗಿಗೆ ಹೊಡೆಯುತ್ತದೆ. ಈಗ ಒಂದು ವಾರದಿಂದ ಅವಳ ಬೆರಳಿನ ಸಂದಿಯಲ್ಲಿ ಚರ್ಮ ಒಣಗಿ ಸುಲಿಯುತ್ತಿದೆ. ಅವಳಿಗೆ ಬೆರಳು ಚೀಪುವ ಅಭ್ಯಾಸ ಬೇರೆ ಇದೆ, ಅದೇ ನನಗೆ ಭಯ. ಸ್ವಲ್ಪ ಬೆಂಕಿ ಹಚ್ಚಿ ನೋಡು, ನೀಲಿ ಜ್ವಾಲೆ ಬಂದರೆ ಒಳ್ಳೆಯದು ಅಂತ ಪಕ್ಕದ ಮನೆಯವರು ಹೇಳಿದರು. ಇದು ನಿಜವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಮೆಡಿಕಲ್ ಶಾಪ್, ಶಿರಸಿ

ಅಕ್ಕಾ, ಮೊದಲು ಆ ನೀರಿನ ಬಾಟಲಿಯನ್ನು ಮಗುವಿನ ಬ್ಯಾಗಿನಿಂದ ತೆಗೆಯಿರಿ. ಉಳಿದದ್ದು ಆಮೇಲೆ. ನೀರಿನ ಬಾಟಲಿಯಲ್ಲಿ ಇದ್ದದ್ದನ್ನು ಮಕ್ಕಳು ಕುಡಿಯುತ್ತಾರೆ, ಅಷ್ಟೇ. ದೊಡ್ಡವರೇ ತಪ್ಪುತ್ತಾರೆ. 2021ರ ಜನವರಿ ಕೊನೆಯಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಪಲ್ಸ್ ಪೋಲಿಯೋ ದಿನ 12 ಮಕ್ಕಳ ಬಾಯಿಗೆ ಪೋಲಿಯೋ ಹನಿ ಬದಲು ಸ್ಯಾನಿಟೈಸರ್ ಹನಿ ಬಿದ್ದಿತ್ತು. ಪುಣ್ಯಕ್ಕೆ ಮಕ್ಕಳು ಉಳಿದರು.

ಇನ್ನು ಲೇಬಲ್ ವಿಷಯ. ನಾನು ಗಿರಾಕಿಗಳಿಗೆ ದಿನಾ ಹೇಳುವುದು ಇದನ್ನೇ: ಮುಂದಿನ ಚಿತ್ರ ನೋಡಬೇಡಿ, ಬಾಟಲಿ ತಿರುಗಿಸಿ ಹಿಂದೆ ನೋಡಿ. ಯಾವ ಆಲ್ಕೋಹಾಲ್, ಶೇಕಡಾ ಎಷ್ಟು, ತಯಾರಕರ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ಇಷ್ಟು ಇರಲೇಬೇಕು. ಆಲ್ಕೋಹಾಲ್ ಅಂದರೆ ಎಥೈಲ್ ಆಲ್ಕೋಹಾಲ್ (ಎಥನಾಲ್ ಅಂತಲೂ ಇರುತ್ತದೆ) ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್. 60%ಗಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ. "ಆಲ್ಕೋಹಾಲ್ ಫ್ರೀ" ಅಂತ ಬರುವವುಗಳಲ್ಲಿ ಹೆಚ್ಚಾಗಿ ಬೆಂಜಾಲ್ಕೋನಿಯಂ ಕ್ಲೋರೈಡ್ ಇರುತ್ತದೆ, ಉರಿ ಕಡಿಮೆ, ಆದರೆ ಎಲ್ಲ ಕೀಟಾಣುಗಳ ಮೇಲೂ ಆಲ್ಕೋಹಾಲ್‌ನಷ್ಟು ಕೆಲಸ ಮಾಡುವುದಿಲ್ಲ.

2020ರ ಮಾರ್ಚ್‌ನಲ್ಲಿ ಸರ್ಕಾರ 200 ಎಂಎಲ್‌ಗೆ 100 ರೂಪಾಯಿ ಅಂತ ಬೆಲೆ ಕಟ್ಟಿದಾಗ ಎಲ್ಲೆಲ್ಲಿಂದಲೋ ಹೊಸ ಹೊಸ ಹೆಸರಿನ ಬಾಟಲಿಗಳು ಬಂದವು, ಅಂಗಡಿಯಲ್ಲಿ ಇಟ್ಟುಕೊಳ್ಳಿ ಅಂತ ಜನ ಬಂದು ಕೇಳುತ್ತಿದ್ದರು, ಅರ್ಧದಷ್ಟಕ್ಕೆ ಲೈಸೆನ್ಸ್ ನಂಬರೇ ಇರುತ್ತಿರಲಿಲ್ಲ. ನಾನು ಇಟ್ಟುಕೊಳ್ಳಲಿಲ್ಲ. ನಿಮ್ಮ ಕ್ಯಾನ್ ಕೂಡ ಅದೇ ಜಾತಿಯದು ಅನಿಸುತ್ತದೆ.

ಕೆಮಿಸ್ಟ್ರಿ ಮೇಷ್ಟ್ರು

ಬೆಂಕಿ ಹಚ್ಚಿ ನೋಡುವ ಕೆಲಸ ಖಂಡಿತ ಬೇಡಮ್ಮಾ. 70% ಆಲ್ಕೋಹಾಲ್‌ನ ಆವಿಗೆ ನಮ್ಮ ಮನೆಯೊಳಗಿನ ಶಾಖದಲ್ಲೇ ಬೆಂಕಿ ಹತ್ತಿಕೊಳ್ಳುತ್ತದೆ. ಜ್ವಾಲೆ ತೆಳು ನೀಲಿ, ಹಗಲು ಬೆಳಕಿನಲ್ಲಿ ಕಣ್ಣಿಗೇ ಕಾಣುವುದಿಲ್ಲ. ಆ ಪರೀಕ್ಷೆಯಿಂದ ಗೊತ್ತಾಗುವುದೂ ಏನಿಲ್ಲ, ಯಾಕೆಂದರೆ ಒಳ್ಳೆ ಎಥನಾಲ್ ಕೂಡ ನೀಲಿಯಾಗೇ ಉರಿಯುತ್ತದೆ, ವಿಷದ ಮೆಥನಾಲ್ ಕೂಡ ನೀಲಿಯಾಗೇ ಉರಿಯುತ್ತದೆ. ವಾಸನೆಯಿಂದಲೂ ಬೇರೆ ಮಾಡಲು ಆಗುವುದಿಲ್ಲ. ಲ್ಯಾಬಿನಲ್ಲಿ ಮಾತ್ರ ಸಾಧ್ಯ.

ಈ ಮೆಥನಾಲ್ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ. ಕಳ್ಳಬಟ್ಟಿ ಕುಡಿದು ಜನ ಸಾಯುವ ಸುದ್ದಿ ಕೇಳಿದ್ದೇವಲ್ಲ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಆಚೆ ಕೃಷ್ಣಗಿರಿ ಕಡೆ ನೂರಕ್ಕೂ ಹೆಚ್ಚು ಜನ ಹೋದರು, ಅದು ಇದೇ ಮೆಥನಾಲ್. ದೇಹದೊಳಗೆ ಹೋದ ಮೇಲೆ ಅದು ಮೊದಲು ಫಾರ್ಮಾಲ್ಡಿಹೈಡ್ ಆಗುತ್ತದೆ, ಆಮೇಲೆ ಫಾರ್ಮಿಕ್ ಆಮ್ಲ. ಆ ಆಮ್ಲ ಕಣ್ಣಿನ ನರವನ್ನೇ ಹಾಳು ಮಾಡುತ್ತದೆ. ಅಮೆರಿಕದ ಅರಿಜೋನಾ ಮತ್ತು ನ್ಯೂ ಮೆಕ್ಸಿಕೊದಲ್ಲಿ 2020ರ ಮೇ, ಜೂನ್ ಎರಡೇ ತಿಂಗಳಲ್ಲಿ ಸ್ಯಾನಿಟೈಸರ್ ಕುಡಿದು ಮೆಥನಾಲ್ ವಿಷ ಏರಿ 15 ಜನ ಆಸ್ಪತ್ರೆ ಸೇರಿದರು, ನಾಲ್ವರು ಸತ್ತರು. ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಗ ಮೆಥನಾಲ್ ಇರುವ ಸ್ಯಾನಿಟೈಸರ್ ಹೆಸರುಗಳ ಪಟ್ಟಿಯನ್ನೇ ಹೊರಡಿಸಿತು. ಕೈಗೆ ಒಂದೆರಡು ಸಲ ತಾಗಿದರೆ ಇಷ್ಟೆಲ್ಲ ಆಗುವುದಿಲ್ಲ, ಗಾಬರಿ ಬೇಡ. ಆದರೆ ಬೆರಳು ಚೀಪುವ ಮಗುವಿಗೆ ಒಳಗೆ ಏನಿದೆ ಅಂತ ಗೊತ್ತಿಲ್ಲದ್ದನ್ನು ದಿನಾ ಹಚ್ಚುವುದು ಬೇಡವೇ ಬೇಡ.

ಒಳ್ಳೆ ಸ್ಯಾನಿಟೈಸರ್ ಹೇಗಿರಬೇಕು ಅಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ನೋಡಿ: ಎಥನಾಲ್ 80% (ಐಸೊಪ್ರೊಪೈಲ್ ಆದರೆ 75%), ಗ್ಲಿಸರಿನ್ 1.45%, ಹೈಡ್ರೋಜನ್ ಪೆರಾಕ್ಸೈಡ್ 0.125%, ಉಳಿದದ್ದು ನೀರು. ಪೆರಾಕ್ಸೈಡ್ ನಮ್ಮ ಕೈಗಲ್ಲ, ಬಾಟಲಿಯೊಳಗೇ ಸೇರಿಕೊಂಡಿರಬಹುದಾದ ಬ್ಯಾಕ್ಟೀರಿಯಾ ಬೀಜಕಗಳನ್ನು ಕೊಲ್ಲುವುದಕ್ಕೆ. ಗ್ಲಿಸರಿನ್ ಚರ್ಮ ಒಣಗದಿರಲಿ ಅಂತ. ನಿಮ್ಮ ಕ್ಯಾನಿನಲ್ಲಿ ಬಹುಶಃ ಅದೇ ಇಲ್ಲ. ನೀರು ಯಾಕೆ, ಪೂರ್ತಿ ಆಲ್ಕೋಹಾಲ್ ಇದ್ದರೆ ಇನ್ನೂ ಒಳ್ಳೆಯದಲ್ವಾ ಅಂತ ಮಕ್ಕಳು ಕ್ಲಾಸಿನಲ್ಲಿ ಕೇಳುತ್ತಾರೆ. ಇಲ್ಲ. ಕೀಟಾಣುವಿನ ಪ್ರೋಟೀನ್ ಕೆಡಿಸಲು ನೀರು ಬೇಕೇ ಬೇಕು, ಬರೀ ಆಲ್ಕೋಹಾಲ್ ಆದರೆ ಬೇಗ ಹಾರಿಯೂ ಹೋಗುತ್ತದೆ.

ಹಾಸನದ ನರ್ಸ್

ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು, ನನ್ನದು ಒಂದೇ ಮಾತು, ಎಲ್‌ಕೆಜಿ ಮಗುವಿಗೆ ಸೋಪೇ ಸಾಕು. ಶಾಲೆಯಲ್ಲಿ ನಲ್ಲಿ ಇದೆ ಅಲ್ವಾ? ಮಣ್ಣಲ್ಲಿ ಆಡಿದ ಕೈಗೆ, ಊಟದ ಜಿಡ್ಡಿನ ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಅದು ಕೊಳೆಯ ಮೇಲೇ ನಿಲ್ಲುತ್ತದೆ. ವಾಂತಿ ಭೇದಿ ತರುವ ನೊರೊವೈರಸ್‌ಗೆ ಅದು ಅಷ್ಟಾಗಿ ನಾಟುವುದೂ ಇಲ್ಲ. ನೀರು ಸಿಗದ ಕಡೆ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ದೊಡ್ಡವರು ಎದುರಿಗಿದ್ದು ಹಚ್ಚಬೇಕು, 20 ಸೆಕೆಂಡ್ ಉಜ್ಜಿ ಕೈ ಪೂರ್ತಿ ಒಣಗುವವರೆಗೆ ಬಾಯಿಗೆ, ಕಣ್ಣಿಗೆ ಹೋಗಬಾರದು. ಹಚ್ಚಿದ ಕೂಡಲೇ ದೀಪ ಹಚ್ಚಲು, ಒಲೆ ಮುಂದೆ ನಿಲ್ಲಲು ಹೋಗಬೇಡಿ.

ಎಂದಾದರೂ ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಸಣ್ಣ ಮಕ್ಕಳಿಗೆ ಆಲ್ಕೋಹಾಲ್‌ನಿಂದ ರಕ್ತದ ಸಕ್ಕರೆ ಇಳಿದು ಮಂಪರು ಬರುತ್ತದೆ, ಮಲಗಿದೆ ಅಂತ ಸುಮ್ನೆ ಬಿಡಬೇಡಿ. ಬಾಟಲಿಯನ್ನೂ ತೆಗೆದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ದಾವಣಗೆರೆ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಓದುತ್ತಾ ಕೈ ನಡುಗಿತು. ಬ್ಯಾಗಿನ ಬಾಟಲಿ ತೆಗೆದುಬಿಟ್ಟೆ. ನಾಳೆ ಟೀಚರ್ ಹತ್ತಿರ ಮಾತಾಡಿ ಸೋಪಿನ ಡಬ್ಬಿ ಕಳಿಸುತ್ತೇನೆ. ಉಳಿದ ನಾಲ್ಕು ಲೀಟರ್ ಏನು ಮಾಡಲಿ, ನೆಲ ಒರೆಸಬಹುದಾ? ಸುಲಿದ ಚರ್ಮಕ್ಕೆ ಏನು ಹಚ್ಚಲಿ?

ಹಾಸನದ ನರ್ಸ್

ನೆಲಕ್ಕೂ ಬೇಡ, ಮುಚ್ಚಿದ ಮನೆಯಲ್ಲಿ ಆ ಆವಿ ಎಲ್ಲರ ಮೂಗಿಗೆ ಹೋಗುತ್ತದೆ, ಪಕ್ಕದಲ್ಲೇ ಗ್ಯಾಸ್ ಒಲೆ ಬೇರೆ. ಮುಚ್ಚಳ ಬಿಗಿ ಮಾಡಿ, ಬಿಲ್ ಇದ್ದರೆ ತಂದ ಅಂಗಡಿಗೇ ವಾಪಸ್ ಕೊಡಿ. ಬೆರಳಿಗೆ ರಾತ್ರಿ ಮಲಗುವಾಗ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ, ಚೀಪಿದರೂ ತೊಂದರೆ ಇಲ್ಲ. ನಾಲ್ಕೈದು ದಿನದಲ್ಲಿ ಕಡಿಮೆ ಆಗದಿದ್ದರೆ, ಅಥವಾ ಕೆಂಪಗೆ ಆಗಿ ನೀರು ಒಸರಿದರೆ ಡಾಕ್ಟರಿಗೆ ತೋರಿಸಿ.