ಅಪ್‌ಡೇಟ್: ಟರ್ನ್‌ಟೇಬಲ್ ಕೇಬಲ್ ಬದಲಿಸಿದ ಮೇಲೆ

ರೆಕಾರ್ಡ್ ಪ್ಲೇಯರಿನ ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್‌ನಲ್ಲಿ, ಅಂದರೆ ಸೂಜಿ ಇರುವ ಘಟಕದಲ್ಲಿ, ಮೇಲಿನ ಸ್ವರ ಯಾಕೆ ಚುಚ್ಚುತ್ತದೆ, ಬೆಳ್ಳಿ ಕೇಬಲ್ ಹಾಕಿದರೆ ಸರಿಹೋಗುತ್ತದಾ ಅಂತ ಕೇಳಿದ್ದೆ. ಬೆಳ್ಳಿಗೂ ಇದಕ್ಕೂ ಸಂಬಂಧವೇ ಇಲ್ಲ, ತೊಂದರೆ ಕೆಪ್ಯಾಸಿಟನ್ಸ್‌ನದು (ಕೇಬಲ್ ವಿದ್ಯುದಾವೇಶ ಹಿಡಿದಿಡುವ ಗುಣ). ಎರಡೂ ತುದಿ ಬಿಚ್ಚಿ ನಡುತಂತಿಗೂ ಶೀಲ್ಡಿಗೂ (ಸುತ್ತಲಿನ ಲೋಹದ ಹೊದಿಕೆ) ಅದನ್ನು ಅಳೆಯುವ ಎಲ್‌ಸಿಆರ್ ಮೀಟರ್ ಹಿಡಿದರೆ ಹಳೇ 2 ಮೀಟರ್ ಕೇಬಲ್ಲೊಂದೇ 220 ಪಿಕೋಫ್ಯಾರಡ್. ಟೋನ್‌ಆರ್ಮ್ (ಕಾರ್ಟ್ರಿಜ್ ಹಿಡಿಯುವ ತೋಳು) ತಂತಿಯ 80, ಫೋನೋ ಸ್ಟೇಜಿನ (ಅದರ ಸಣ್ಣ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್) 100 ಸೇರಿ 400. ಕಾರ್ಟ್ರಿಜ್ಜಿನ ಸುರುಳಿಯ 500 ಮಿಲಿಹೆನ್ರಿ ಇಂಡಕ್ಟನ್ಸ್ ಜೊತೆ ಇದು ಸುಮಾರು 11 ಕಿಲೋಹರ್ಟ್ಸ್‌ನಲ್ಲಿ ಅನುರಣಿಸುತ್ತದೆ: ಅಲ್ಲಿ ಉಬ್ಬು, ಅದರಾಚೆ ಕಡಿದಾದ ಇಳಿತ.

ಈಗ ಮೀಟರಿಗೆ 55 ಪಿಕೋಫ್ಯಾರಡ್‌ನ ಫೋಮ್ ಕೋಆಕ್ಸ್ (ನಡುತಂತಿಗೂ ಶೀಲ್ಡಿಗೂ ಮಧ್ಯೆ ಫೋಮ್ ಇರುವ ಕೇಬಲ್), 90 ಸೆಂಟಿಮೀಟರ್. ಒಟ್ಟು 230, ಅನುರಣನ 15 ಕಿಲೋಹರ್ಟ್ಸ್ ಹತ್ತಿರ. ಚುಚ್ಚುವುದು ನಿಂತಿದೆ.

ಶೀಲ್ಡ್ ತಾಮ್ರದ ಹೆಣಿಗೆಯದ್ದೇ ತಗೊಳ್ಳಿ, ಅಲ್ಯೂಮಿನಿಯಂಗೆ ಸೋಲ್ಡರ್ ಹಿಡಿಯಲ್ಲ. ಐರನ್ ಹೆಚ್ಚು ಹೊತ್ತು ಇಟ್ಟರೆ ಫೋಮ್ ಕರಗಿ ನಡುತಂತಿ ಶೀಲ್ಡಿಗೆ ತಾಗುತ್ತದೆ, ಶಾರ್ಟ್! ಎಂಸಿ (ಮೂವಿಂಗ್ ಕಾಯಿಲ್) ಕಾರ್ಟ್ರಿಜ್ ಇದ್ದವರಿಗೆ ಈ ಲೆಕ್ಕ ಬೇಕಿಲ್ಲ, ಅದರ ಇಂಡಕ್ಟನ್ಸ್ ತೀರಾ ಕಡಿಮೆ.