ದೊಡ್ಡಮನೆ ಬಳಗ: ಆರೇ ತಿಂಗಳಲ್ಲಿ ಗ್ರೀನ್ ಕಾರ್ಡ್!

ಭಾನುವಾರ

ಮೈಸೂರು ಚಿಕ್ಕಪ್ಪ, ಬೆಳಿಗ್ಗೆ 6:52
(ಹಲವು ಬಾರಿ ಫಾರ್ವರ್ಡ್ ಆಗಿದೆ)
ಭಾರತೀಯರಿಗೆ ಸಿಹಿಸುದ್ದಿ!! ಅಮೆರಿಕ ಸಂಸತ್ತು ದೇಶವಾರು ಮಿತಿ ತೆಗೆದುಹಾಕಿದೆ. ಇನ್ನು ಆರೇ ತಿಂಗಳಲ್ಲಿ ಗ್ರೀನ್ ಕಾರ್ಡ್. ಹತ್ತು ಗುಂಪಿಗೆ ಕಳಿಸಿ 🙏🙏

ಮೈಸೂರು ಚಿಕ್ಕಪ್ಪ, 6:53
ಶ್ರೀಧರ, ನೋಡಿದೆಯಾ? ಕೊನೆಗೂ ದೇವರು ಕಣ್ಣು ಬಿಟ್ಟ.

ಸರೋಜತ್ತೆ, 6:58
ತುಂಬಾ ಸಂತೋಷ ಆಯ್ತು ಕಣೋ. ಚಾಮುಂಡಿಗೆ ಹರಕೆ ಹೊತ್ತಿದ್ದೆ. ಪುಟ್ಟಿಗೂ ಹೇಳು.

ಶ್ರೀಧರ ಡಲ್ಲಾಸ್, 7:11
ಚಿಕ್ಕಪ್ಪ, ಇದು ಹಳೇ ಸುದ್ದಿ, ಅದೂ ಅರ್ಧ. 2019ರ ಜುಲೈನಲ್ಲಿ ಕೆಳಮನೆಯಲ್ಲಿ 365-65 ಮತಗಳಿಂದ ಪಾಸಾಯಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಅದನ್ನೇ ಬೇರೆ ರೂಪದಲ್ಲಿ ಪಾಸು ಮಾಡಿತು. ಎರಡಕ್ಕೂ ತಾಳೆಯಾಗಲಿಲ್ಲ. ಸಂಸತ್ತಿನ ಅವಧಿ ಮುಗಿದು ಬಿಲ್ಲೂ ಬಿತ್ತು. ಆಗಲೂ ಮೊದಲು ಕಳಿಸಿದ್ದು ನೀವೇ. ವಿದ್ಯಾ ಆವತ್ತು ಪಾಯಸ ಮಾಡಿದ್ದಳು.

ಮೈಸೂರು ಚಿಕ್ಕಪ್ಪ, 7:14
ಒಳ್ಳೆಯದಾಗಲಿ ಅಂತ ಕಳಿಸಿದೆ. ಅದೂ ತಪ್ಪಾ?

ಮಹೇಶ ಬೆಂಗಳೂರು, 7:20
ಚಿಕ್ಕಪ್ಪನ ಮೇಲೆ ಯಾಕೆ ರೇಗುತ್ತೀಯ ಶ್ರೀಧರಣ್ಣ? ಸಾಲು ಇದೆ ಅಂತ ಗೊತ್ತಿದ್ದೇ ಹೋದದ್ದಲ್ವಾ? ಯಾರೂ ಕಟ್ಟಿಹಾಕಿಲ್ಲ. ಬೇಜಾರಾದರೆ ವಾಪಸ್ ಬಾ. ದೊಡ್ಡಪ್ಪನ ವರ್ಷಾಂತಿಕಕ್ಕೂ ಬರಲಿಲ್ಲ, ಅದಕ್ಕೂ ಗ್ರೀನ್ ಕಾರ್ಡೇ ನೆಪ.

ಶ್ರೀಧರ ಡಲ್ಲಾಸ್, 7:31
ನೆಪ ಅಲ್ಲ ಮಹೇಶ. ಬಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಒತ್ತಿಸದೆ ವಾಪಸ್ ಬರುವ ಹಾಗಿರಲಿಲ್ಲ. ಸಂದರ್ಶನದ ತಾರೀಖೇ ಸಿಗಲಿಲ್ಲ. ಇಲ್ಲಿ ಕೆಲಸ, ಮಕ್ಕಳ ಸ್ಕೂಲು. ಅಪ್ಪನ ಫೋಟೊ ಮುಂದೆ ಎಡೆ ಇಟ್ಟು, ನೀವು ಮಾಡಿದ ವೀಡಿಯೊ ಕಾಲ್‌ನಲ್ಲಿ ಕೂತಿದ್ದೆ. ನೆನಪಿದೆಯಾ, ಮಧ್ಯದಲ್ಲಿ ನಿನ್ನ ಫೋನ್ ಚಾರ್ಜ್ ಮುಗಿಯಿತು.

ಎಡಿಸನ್ ಭಾವ, 7:40
ಸಮಾಧಾನ ಸಮಾಧಾನ. ಕಾಯುವುದು ಎಲ್ಲರಿಗೂ ಇದ್ದದ್ದೇ. ನಾವೂ ಕಾದವರೇ. 2007ರ ಜುಲೈನಲ್ಲಿ ಎಲ್ಲರೂ ಅರ್ಜಿ ಹಾಕಬಹುದು ಅಂದರು. ಓಡಿಹೋಗಿ ಮೆಡಿಕಲ್ ಮಾಡಿಸಿದೆವು. ಅಷ್ಟರಲ್ಲಿ ಇಲ್ಲ ಅಂದರು. ನಾವೆಲ್ಲ ಸೇರಿ ವಲಸೆ ಇಲಾಖೆಯ ನಿರ್ದೇಶಕರಿಗೆ ಹೂಗುಚ್ಛ ಕಳಿಸಿದೆವು, ಗಾಂಧಿಗಿರಿ! ಅವರು ಆ ಹೂವನ್ನು ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಕಳಿಸಿಬಿಟ್ಟರು. ಆಮೇಲೆ ಅರ್ಜಿ ತಗೊಂಡರು. ತಾಳ್ಮೆ ಬೇಕಪ್ಪ.

ಶ್ರೀಧರ ಡಲ್ಲಾಸ್, 7:46
ಭಾವ, ಆ ಬಾಗಿಲಲ್ಲಿ ನೀವು ಒಳಗೆ ಹೋದಿರಿ. ನನ್ನದೂ ಕೇಳಿ. ನನ್ನ ಅರ್ಜಿಯ ತಾರೀಖು 2015ರ ಮಾರ್ಚ್. 2020ರ ಅಕ್ಟೋಬರ್‌ನಲ್ಲಿ ಇಬಿ-3, ಅಂದರೆ ಕೆಲಸದ ಕಾರ್ಡಿನ ಮೂರನೇ ವರ್ಗದವರು, 2015ರ ಜನವರಿ 1ಕ್ಕಿಂತ ಮುಂಚಿನವರಾದರೆ ಕೊನೆಯ ಹಂತದ ಅರ್ಜಿ ಹಾಕಬಹುದು ಅಂತ ಬಂತು. ಎರಡು ತಿಂಗಳ ಅಂತರದಲ್ಲಿ ನನಗೆ ತಪ್ಪಿತು. 2022ರ ಸೆಪ್ಟೆಂಬರ್‌ನಲ್ಲಿ ಇಬಿ-2, ಅಂದರೆ ಎರಡನೇ ವರ್ಗದ ತಾರೀಖು 2014ರ ಡಿಸೆಂಬರ್ 1ರವರೆಗೆ ಬಂತು. ಇನ್ನೇನು ನಮ್ಮದೇ ಅಂತ ಜನನ ಪ್ರಮಾಣಪತ್ರ, ಮದುವೆ ಸರ್ಟಿಫಿಕೇಟು ಎಲ್ಲ ಒಂದು ಫೈಲಿಗೆ ಹಾಕಿಟ್ಟೆ. ಅದೇ ವರ್ಷ ಡಿಸೆಂಬರ್ ಹೊತ್ತಿಗೆ ತಾರೀಖು ಹಿಂದಕ್ಕೆ ಹೋಗಿ 2011ರ ಅಕ್ಟೋಬರ್‌ಗೆ ನಿಂತಿತು. ಹಿಂದಕ್ಕೆ! ಬ್ಯಾಂಕಿನಲ್ಲಿ ಟೋಕನ್ 84 ಕರೆದು, ನೀವು 85 ಹಿಡಿದು ಎದ್ದು ನಿಂತಾಗ, ಈಗ 40 ಬನ್ನಿ ಅಂದ ಹಾಗೆ. ಆ ಫೈಲು ಇನ್ನೂ ಅಲ್ಮೇರಾದಲ್ಲಿದೆ.

ಮೈಸೂರು ಚಿಕ್ಕಪ್ಪ, 7:49
ನಮ್ಮ ಬ್ಯಾಂಕಿನಲ್ಲಿ ಹಾಗೆ ಮಾಡಿದ್ದರೆ ಕೌಂಟರ್ ಗಾಜು ಉಳಿಯುತ್ತಿರಲಿಲ್ಲ.

ಸರೋಜತ್ತೆ, 7:52
ನನಗೆ ಅರ್ಥ ಆಗಲಿಲ್ಲ. ಅಷ್ಟು ದೊಡ್ಡ ದೇಶ, ಯಾಕೆ ಹೀಗೆ?

ಶ್ರೀಧರ ಡಲ್ಲಾಸ್, 8:02
ಅತ್ತೆ, ರೇಷನ್ ಅಂಗಡಿ ಲೆಕ್ಕ ಅಂದುಕೊಳ್ಳಿ. ತಾಲ್ಲೂಕಿನ ಒಂದೊಂದು ಊರಿಗೂ ಹತ್ತೇ ಮೂಟೆ ಅಕ್ಕಿ. ನಮ್ಮ ಐವತ್ತು ಮನೆ ಊರಿಗೂ ಹತ್ತು, ಮೈಸೂರಿಗೂ ಹತ್ತು. ಕೆಲಸದ ಮೇಲೆ ಕೊಡುವ ಕಾರ್ಡು ವರ್ಷಕ್ಕೆ 1,40,000. ಹೆಂಡತಿ ಮಕ್ಕಳೂ ಅದರಲ್ಲೇ. ಒಂದು ದೇಶಕ್ಕೆ ಶೇ. 7, ಅಂದರೆ ಸುಮಾರು 9,800. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ಬೇರೆಯವರು ಬಿಟ್ಟದ್ದು ಮಿಕ್ಕರೆ ನಮಗೆ. ಇಲ್ಲಿನ ಕೇಟೊ ಅನ್ನೋ ಅಧ್ಯಯನ ಸಂಸ್ಥೆಯ ಡೇವಿಡ್ ಬಿಯರ್ 2023ರಲ್ಲಿ ಲೆಕ್ಕ ಹಾಕಿದರು: ಸಾಲಿನಲ್ಲಿ 18 ಲಕ್ಷ ಜನ, ಅದರಲ್ಲಿ 11 ಲಕ್ಷ ಭಾರತದವರು. ಹೊಸದಾಗಿ ಬಂದು ನಿಲ್ಲುವ ಭಾರತದವರಿಗೆ 134 ವರ್ಷ.

ಮಹೇಶ ಬೆಂಗಳೂರು, 8:09
ಮಿತಿ ತೆಗೆದರೆ ಮುಂದಿನ ಎಷ್ಟೋ ವರ್ಷ ಕಾರ್ಡೆಲ್ಲ ಭಾರತದವರಿಗೇ ಹೋಗುತ್ತೆ. ಫಿಲಿಪೀನ್ಸ್ ನರ್ಸ್‌ಗಳು ಎಲ್ಲಿಗೆ ಹೋಗಬೇಕು? ನಮ್ಮ ಸಾಲು ಕರಗಲಿ ಅಂತ ಅವರನ್ನು ಸಾಲಿಗೆ ನಿಲ್ಲಿಸೋದಾ?

ಶ್ರೀಧರ ಡಲ್ಲಾಸ್, 8:15
ಈ ಮಾತು ಒಪ್ಪುತ್ತೇನೆ. ಮೂಟೆಯೇ ಕಡಿಮೆ, ಹಂಚಿಕೆ ಬದಲಿಸಿದರೆ ಹೊಟ್ಟೆ ತುಂಬಲ್ಲ. ಆ 1,40,000 ಅನ್ನೋದು 1990ರ ಕಾನೂನಿನದು. ಆಗ ನಾನು ಮೂರನೇ ಕ್ಲಾಸು. ಆದರೆ ಇಷ್ಟು ಹೇಳು. ಒಂದೇ ಆಫೀಸು, ಒಂದೇ ಕೆಲಸ, ಒಂದೇ ವರ್ಷ ಅರ್ಜಿ. ಪಕ್ಕದ ಸೀಟಿನ ಬ್ರೆಜಿಲ್‌ನವನಿಗೆ ಎರಡು ವರ್ಷಕ್ಕೆ ಬಂತು. ಅವನು ಜಾಣ, ನಾನು ದಡ್ಡ ಅಂತಲ್ಲ. ಹುಟ್ಟಿದ ಊರು ನೋಡಿ ಸಾಲು. ನಾಳೆ ನಾನು ಕೆನಡಾ ಪೌರನಾದರೂ ಲೆಕ್ಕ ಮೈಸೂರಿನದೇ.

ಮಹೇಶ ಬೆಂಗಳೂರು, 8:18
ಅದಕ್ಕೇ ಹೇಳೋದು, ಬಾ.

ಶ್ರೀಧರ ಡಲ್ಲಾಸ್, 8:26
ಪುಟ್ಟಿಗೆ ಏನು ಹೇಳಲಿ? ಎರಡು ವರ್ಷದವಳು ನನ್ನ ತೊಡೆ ಮೇಲೆ ಕೂತು ಬಂದಳು. ಈಗ ಕಾಲೇಜು. 21 ತುಂಬಿದರೆ ನಮ್ಮ ಅರ್ಜಿಯಿಂದ ಅವಳ ಹೆಸರು ಹೋಗುತ್ತೆ. ಸ್ಟೂಡೆಂಟ್ ವೀಸಾ ಮಾಡಿಸಬೇಕು. ಓದು ಮುಗಿಸಿ ಎಚ್-1ಬಿ ಅನ್ನೋ ಕೆಲಸದ ವೀಸಾದ ಲಾಟರಿಗೆ ಹೆಸರು ಹಾಕಬೇಕು. ಸಿಕ್ಕರೆ ಆ 134 ವರ್ಷದ ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕು. ಅವಳಿಗೆ ಕನ್ನಡ ಓದೋಕೂ ಬರಲ್ಲ ಮಹೇಶ.

ಸರೋಜತ್ತೆ, 8:29
ಚಿಕ್ಕವನು ಅಲ್ಲೇ ಹುಟ್ಟಿದ್ದಲ್ವಾ? ಅವನು ಸಿಟಿಜನ್. ಅವನೇ ನಿಮ್ಮನ್ನೆಲ್ಲ ಮಾಡಿಸಬಹುದಲ್ಲ?

ಶ್ರೀಧರ ಡಲ್ಲಾಸ್, 8:31
ಅವನಿಗೂ 21 ಆಗಬೇಕು ಅತ್ತೆ. ಈಗ 12. ಮಗಳಿಗೆ 21 ಆಗದಿರಲಿ, ಮಗನಿಗೆ ಬೇಗ ಆಗಲಿ ಅಂತ ಒಂದೇ ದೇವರ ಮುಂದೆ ಕೇಳೋದು ಹೇಗೆ?

ಎಡಿಸನ್ ಭಾವ, 8:37
ವಿದ್ಯಾ ಕುವೈತ್‌ನವಳಲ್ವಾ? ಹೆಂಡತಿ ಹುಟ್ಟಿದ ದೇಶದ ಲೆಕ್ಕದಲ್ಲೂ ಹಾಕಬಹುದು. ನಮ್ಮ ಆಫೀಸಿನ ಮಂಗಳೂರಿನ ಒಬ್ಬರು ಹಾಗೇ ಮಾಡಿಸಿದರು. ಹೆಂಡತಿ ದುಬೈಯಲ್ಲಿ ಹುಟ್ಟಿದ್ದು.

ವಿದ್ಯಾ ಡಲ್ಲಾಸ್, 8:41
ಬೆಳೆದದ್ದು ಕುವೈತ್ ಭಾವ. ಹುಟ್ಟಿದ್ದು ಉಡುಪಿ. ನಮ್ಮಣ್ಣ ಕುವೈತ್‌ನಲ್ಲೇ ಹುಟ್ಟಿದ. ನನ್ನ ಸರದಿಗೆ ಅಮ್ಮ ಏಳು ತಿಂಗಳಲ್ಲೇ ತವರಿಗೆ ಬಂದರು, ಬಾಣಂತನಕ್ಕೆ. ನನಗೆ ಮೂರು ತಿಂಗಳಾದಾಗ ಕರೆದುಕೊಂಡು ವಾಪಸ್ ಹೋದರು.

ಎಡಿಸನ್ ಭಾವ, 8:42
ಅಯ್ಯೋ.

ಮಹೇಶ ಬೆಂಗಳೂರು, 8:43
ಅಂದರೆ ಅತ್ತಿಗೆ, ಅಲ್ಲೇ ಹೆರಿಗೆ ಆಗಿದ್ದರೆ...

ಶ್ರೀಧರ ಡಲ್ಲಾಸ್, 8:44
ಎಲ್ಲರದೂ ಬಂದು ಎಷ್ಟೋ ವರ್ಷ ಆಗಿರುತ್ತಿತ್ತು.

(ಮೈಸೂರು ಚಿಕ್ಕಪ್ಪ ಈ ಸಂದೇಶವನ್ನು ಅಳಿಸಿದ್ದಾರೆ)

ಸರೋಜತ್ತೆ, 8:50
ವಿದ್ಯಾ, ಈ ಮಾತು ನಿಮ್ಮಮ್ಮನ ಕಿವಿಗೆ ಹಾಕಬೇಡಮ್ಮ. ಪಾಪ, ನೊಂದುಕೊಳ್ತಾರೆ.

ವಿದ್ಯಾ ಡಲ್ಲಾಸ್, 8:55
ಅವರಿಗೆ ಗೊತ್ತು ಅತ್ತೆ. 2020ರಲ್ಲೇ ಸಿಟ್ಟಿನಲ್ಲಿ ಹೇಳಿಬಿಟ್ಟಿದ್ದೆ. “ಆ ಮರಳುಗಾಡಲ್ಲಿ ನನಗೆ ಬಿಸಿನೀರು ಹೊಯ್ಯೋರು ಯಾರಿದ್ದರು ಮಗಾ” ಅಂದರು.