ಕೆರೆಯ ದಂಡೆಯಲ್ಲಿ ಹುಟ್ಟುವ ಕೃತಜ್ಞತೆಯನ್ನು ವಿಶ್ವಾಸವೆನ್ನಬಹುದೇ?

ಪ್ರಶ್ನೆ – ಕೆರೆದಂಡೆ, ಬೆಂಗಳೂರು

ಮಾನ್ಯರೇ, ನಾನು ದಕ್ಷಿಣ ಕನ್ನಡದ ಕಥೊಲಿಕ ಕುಟುಂಬದಲ್ಲಿ ಬೆಳೆದು, 14 ವರ್ಷಗಳಿಂದ ಬೆಂಗಳೂರಿನಲ್ಲಿ ನೆಲೆಸಿರುವವನು. ಭಾನುವಾರದ ಬಲಿಪೂಜೆಯನ್ನು ತಪ್ಪಿಸಿದವನಲ್ಲ. ಆದರೂ ಕೆಲವು ಕಾಲದಿಂದ ಪ್ರಾರ್ಥನೆಯ ಮಾತುಗಳು ನಾಲಿಗೆಯಲ್ಲಿಯೇ ಉಳಿಯುತ್ತಿವೆ, ಒಳಗೆ ಇಳಿಯುತ್ತಿಲ್ಲ. ಬೆಳಿಗ್ಗೆ ಮನೆಯ ಹತ್ತಿರದ ಕೆರೆಯ ಸುತ್ತ ನಡೆಯುವಾಗ ಮಾತ್ರ, ಒದ್ದೆ ರೆಕ್ಕೆಗಳನ್ನು ಬಿಸಿಲಿಗೆ ಹರಡಿ ಕುಳಿತ ನೀರುಕಾಗೆಯನ್ನು ಕಂಡರೂ ಸಾಕು, 'ದೇವರೇ, ಉಪಕಾರ' ಎಂಬ ಮಾತು ತಾನಾಗಿ ಹೊರಡುತ್ತದೆ. ಇದನ್ನು ಅಣ್ಣನಿಗೆ ಹೇಳಿದಾಗ, ಸೃಷ್ಟಿಕರ್ತನನ್ನು ಬಿಟ್ಟು ಸೃಷ್ಟಿಯನ್ನು ಹಿಡಿದುಕೊಳ್ಳಬೇಡವೆಂದು ಎಚ್ಚರಿಸಿದರು. ಇದು ವಿಶ್ವಾಸವೇ, ಇಲ್ಲವೇ ಬೆಳಗಿನ ತಂಗಾಳಿಯ ಗುಣವೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 – ಗದ್ದೆಬದಿ, ಬಂಟ್ವಾಳ ತಾಲೂಕು

ನೀವು ನಮ್ಮ ಕಡೆಯವರೇ ಆದುದರಿಂದ ಮೊಂತಿ ಫೆಸ್ತ್ ನಿಮಗೆ ಹೊಸದಲ್ಲ. ಆದರೂ ಅದನ್ನು ಗದ್ದೆಯ ಕಡೆಯಿಂದ ಒಮ್ಮೆ ನೋಡಿ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನದ ಹಬ್ಬ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬೇಲಿ, ಗುಡ್ಡ, ಅಂಗಳಗಳಲ್ಲಿ ಸಿಕ್ಕಿದ ಹೂಗಳನ್ನು ಕೊಯ್ದು ತಂದು ಬಾಲೆ ಮರಿಯಮ್ಮನ ಪ್ರತಿಮೆಗೆ ಎರಚುತ್ತಾರೆ. ಹಬ್ಬದ ದಿನ ಧರ್ಮಗುರುಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಆ ತೆನೆಯ ಕಾಳನ್ನು ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿನಲ್ಲಿ ಬೆರೆಸಿ ಮನೆಯವರೆಲ್ಲರೂ ಪ್ರಾರ್ಥಿಸಿ ಕುಡಿದ ಮೇಲೆಯೇ ತರಕಾರಿಗಳ ಊಟ. ಪರವೂರಿನಲ್ಲಿರುವ ತಂಗಿಗೆ ನನ್ನ ತಾಯಿ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದರು.

ಈಗ ನಾನು ಹೇಳಬೇಕಾದ ವಿಷಯ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಕೊಯ್ಲು ಹೆಚ್ಚಿನ ಕಡೆ ಅಕ್ಟೋಬರಿನ ಕೆಲಸ. ಸೆಪ್ಟೆಂಬರ್ 8ರಂದು ನನ್ನ ಗದ್ದೆಯಲ್ಲಿ ತೆನೆ ಹೊರಬಂದಿರುತ್ತದೆ, ಬಹುಪಾಲು ಇನ್ನೂ ಹಸಿರಾಗಿರುತ್ತದೆ. ಬೇಗ ಬಲಿತ ಹಿಡಿಯಷ್ಟು ತೆನೆ ಮಾತ್ರ ಇಗರ್ಜಿಗೆ (ಚರ್ಚಿಗೆ) ಹೋಗುತ್ತದೆ. ಉಳಿದುದಕ್ಕೆ ಮಳೆಯ ಭಯ, ಹಂದಿಯ ಭಯ, ರೋಗದ ಭಯ ಎಲ್ಲವೂ ಬಾಕಿ ಇರುತ್ತದೆ. ಕಣಜ ತುಂಬಿದ ಮೇಲೆ ಉಪಕಾರ ಹೇಳುವುದಾದರೆ ಅದು ಲೆಕ್ಕ ಚುಕ್ತಾ ಮಾಡಿದಂತೆ. ನಮ್ಮ ಹಿರಿಯರು ಕಣಜ ಬರಿದಾಗಿರುವಾಗಲೇ ಉಪಕಾರ ಹೇಳುವ ಪದ್ಧತಿ ಇಟ್ಟರು. ಅದನ್ನು ವಿಶ್ವಾಸವೆನ್ನದೆ ಬೇರೇನೆಂದು ಕರೆಯಲಿ? ಕೊಂಕಣಿಯಲ್ಲಿ ನಾವು ಮನುಷ್ಯನಿಗೆ ಕೃತಜ್ಞತೆ ಹೇಳುವಾಗಲೂ 'ದೇವ್ ಬರೆಂ ಕರುಂ', ದೇವರು ಒಳಿತು ಮಾಡಲಿ ಎನ್ನುತ್ತೇವಲ್ಲವೇ? ನಿಮ್ಮ ನೀರುಕಾಗೆಯ ಮುಂದೆಯೂ ನೀವು ಉಪಕಾರ ಹೇಳಿದ್ದು ಹಕ್ಕಿಗಲ್ಲ. ಅಂದ ಹಾಗೆ, ಪೋಪ್ ಫ್ರಾನ್ಸಿಸರು 2015ರಲ್ಲಿ ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸೆಪ್ಟೆಂಬರ್ 1ನ್ನು ಗೊತ್ತುಪಡಿಸಿದರು. ನಮ್ಮಲ್ಲಿ ಅದು ಮಕ್ಕಳ ಹೂವಿನ ಮೂರನೆಯ ದಿನ.

ಉತ್ತರ 2 – ನಿವೃತ್ತ ಶಿಕ್ಷಕ, ಧಾರವಾಡ

ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟಂಟ್ ಸಭೆಗೆ ಸೇರಿದವನು. ನಿಮ್ಮ ಅಣ್ಣನವರ ಎಚ್ಚರಿಕೆಗೆ ಆಧಾರವಿದೆ. ಬೈಬಲಿನಲ್ಲಿ, ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಪೌಲನು, ಕಣ್ಣಿಗೆ ಕಾಣದ ದೇವರ ಗುಣಗಳು ಸೃಷ್ಟಿಯ ಮೂಲಕ ತಿಳಿಯಬರುತ್ತವೆಂದು 20ನೆಯ ವಚನದಲ್ಲಿ ಹೇಳಿ, 25ನೆಯ ವಚನದಲ್ಲಿ ಸೃಷ್ಟಿಯನ್ನೇ ಪೂಜಿಸಿದವರನ್ನು ಖಂಡಿಸುತ್ತಾನೆ. ಆದರೆ ಇವೆರಡರ ನಡುವೆ, 21ನೆಯ ವಚನದಲ್ಲಿ, ಅವರ ಮೇಲೆ ಹೊರಿಸಿದ ದೋಷವೇನು ಗೊತ್ತೇ? ಅವರು ದೇವರನ್ನು ಘನಪಡಿಸಲಿಲ್ಲ, ಕೃತಜ್ಞತೆ ಸಲ್ಲಿಸಲಿಲ್ಲ ಎಂಬುದು. ಅಣ್ಣನವರು ಆ ವಚನವನ್ನೂ ಓದಲಿ.

ಯೋಬನ ಗ್ರಂಥದ 38ನೆಯ ಅಧ್ಯಾಯವನ್ನೂ ನೋಡಿರಿ. ನೊಂದು ಪ್ರಶ್ನಿಸಿದ ಯೋಬನಿಗೆ ದೇವರು ಕಾರಣಗಳನ್ನು ವಿವರಿಸುವುದಿಲ್ಲ. ಸಮುದ್ರಕ್ಕೆ ಬಾಗಿಲು ಇಟ್ಟವರಾರು, ಜನರೇ ಇಲ್ಲದ ಅಡವಿಯ ಮೇಲೆ ಮಳೆ ಸುರಿಸುವವರಾರು ಎಂದು ಮರುಪ್ರಶ್ನೆ ಕೇಳುತ್ತಾನೆ. ಯಾರ ಹೊಟ್ಟೆಗೂ ಉಪಯೋಗವಿಲ್ಲದ ಆ ಮಳೆಯ ವಚನವನ್ನು ಓದಿದಾಗಲೆಲ್ಲ ನನಗೆ ವಿಚಿತ್ರವಾದ ಸಮಾಧಾನ. ನಮ್ಮ ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ, ಕೋಳಿಗಳನ್ನು ತಂದು ಏಲಂ ಹಾಕುವಾಗ, ನಮಗೆ ಸಿಕ್ಕಿದ್ದಕ್ಕಷ್ಟೇ ಸ್ತೋತ್ರ ಹೇಳಿ ಮುಗಿಸುವ ಅಪಾಯ ಇದ್ದೇ ಇದೆ.

ಉತ್ತರ 3 – ಮಲೆಬದಿ, ಕೊಡಗು

ಮೇಲಿನ ಇಬ್ಬರ ಮಾತಿಗೂ ನನ್ನ ವಿರೋಧವಿಲ್ಲ. ಆದರೆ 2018ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯ ಬೆಟ್ಟಗಳು ಕುಸಿದಾಗ ಅದೇ ಪ್ರಕೃತಿ ನೆರೆಹೊರೆಯವರ ಮನೆ, ತೋಟಗಳನ್ನು ನುಂಗಿದ್ದನ್ನು ಕಂಡಿದ್ದೇನೆ. ಅನಂತರ ಎರಡು ವರ್ಷ, ಮಂಜು ಮುಸುಕಿದ ಬೆಟ್ಟವನ್ನು ನೋಡಿ 'ದೇವರ ಕೈಕೆಲಸ' ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಆ ಸಿಟ್ಟನ್ನು ಸ್ವಲ್ಪ ಸಡಿಲಿಸಿದವರು ಅಸಿಸಿಯ ಸಂತ ಫ್ರಾನ್ಸಿಸರು. ಸೂರ್ಯನನ್ನು ಅಣ್ಣನೆಂದೂ ನೀರನ್ನು ಅಕ್ಕನೆಂದೂ ಕರೆದ ಸ್ತುತಿಗೀತೆಯನ್ನು ಅವರು ರಚಿಸಿದ್ದು 1225ರ ಸುಮಾರಿಗೆ, ಹೂದೋಟದಲ್ಲಿ ವಿಹರಿಸುತ್ತ ಅಲ್ಲ; ಕಣ್ಣಿನ ಬೇನೆಯಿಂದ ಬೆಳಕನ್ನೇ ಸಹಿಸಲಾರದೆ ಕತ್ತಲಲ್ಲಿ ಮಲಗಿದ್ದಾಗ. ತನ್ನ ಕಣ್ಣನ್ನು ಚುಚ್ಚುವ ಸೂರ್ಯನಿಗಾಗಿ ಅವರು ದೇವರನ್ನು ಕೊಂಡಾಡಿದರು. ನನಗೆ ಅಷ್ಟು ಶಕ್ತಿ ಬಂದಿಲ್ಲ. ಮಳೆಗಾಲದಲ್ಲಿ ನಾನು ಈಗಲೂ ಮಾಡುವುದು ಮೊರೆಯ ಪ್ರಾರ್ಥನೆ. ಡಿಸೆಂಬರಿನಲ್ಲಿ ಕಾಫಿ ಹಣ್ಣು ಬಿಡಿಸುವಾಗ ಮಾತ್ರ ಉಪಕಾರ. ಕೆರೆಯ ಬಳಿ ಮನಸ್ಸು ಏನನ್ನೂ ಹೇಳದ ದಿನವೂ ನಿಮಗೆ ಬಂದೀತು. ಆ ದಿನವೂ ಕೆರೆಗೆ ಹೋಗಿ.

ಕೆರೆದಂಡೆ

ಮೂವರಿಗೂ ದೇವ್ ಬರೆಂ ಕರುಂ. ಆ ನುಡಿಯೊಳಗೆ ಏನಿದೆಯೆಂದು ಇಷ್ಟು ವರ್ಷ ಬಳಸಿಯೂ ಯೋಚಿಸಿರಲಿಲ್ಲ. ಪೌಲನ 21ನೆಯ ವಚನವನ್ನು ಅಣ್ಣನಿಗೆ ಕಳುಹಿಸಿದ್ದೇನೆ, ಉತ್ತರ ಬಂದಿಲ್ಲ. ಗದ್ದೆಬದಿಯವರಲ್ಲಿ ಒಂದು ಕೇಳಿಕೆ: ಫ್ಲಾಟಿನ ಬಾಲ್ಕನಿಯಲ್ಲಿ, ಬಕೆಟ್ಟಿನಲ್ಲಿ ಭತ್ತ ಬೆಳೆದು ಸೆಪ್ಟೆಂಬರ್ 8ಕ್ಕೆ ಒಂದು ತೆನೆಯನ್ನಾದರೂ ಇಗರ್ಜಿಗೆ ಒಯ್ಯಲು ಸಾಧ್ಯವೇ?

ಗದ್ದೆಬದಿ

ಸಾಧ್ಯ. ಜ್ಯೋತಿ ತಳಿಯಾದರೆ ಹೆಚ್ಚುಕಡಿಮೆ ನಾಲ್ಕು ತಿಂಗಳು ಸಾಕು. ನಿಮ್ಮಲ್ಲಿ ತಂಪು ಹೆಚ್ಚಾದುದರಿಂದ ಏಪ್ರಿಲ್ ಕೊನೆಗೇ ಬಿತ್ತಿಬಿಡಿ. ಬಕೆಟ್ಟಿಗೆ ತೂತು ಬೇಡ, ಮಣ್ಣಿನ ಮೇಲೆ ಎರಡು ಬೆರಳು ನೀರು ನಿಲ್ಲಬೇಕು, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು. ಕಾಳು ಹಾಲುಗಟ್ಟುವ ಹೊತ್ತಿಗೆ ರಾಟವಾಳ ಹಕ್ಕಿಗಳು ಖಂಡಿತ ಬರುತ್ತವೆ. ಆದುದರಿಂದ ಎರಡು ಬಕೆಟ್ ಇಡಿ.